ನಾಲ್ಕನೆಯ ಅಂತಸ್ತಿಗೆ ಏಕಿಷ್ಟು ವಿರೋಧ?

ಊರಿನಿಂದ ಬರುವ ಫೋನ್ ಕರೆಗಳಲ್ಲಿ ತಪ್ಪದೇ ಎದುರಾಗುವ ಪ್ರಶ್ನೆಯೊಂದಿದೆ: ‘ಅಮೆರಿಕದಲ್ಲಿ ಕಣ್ಣು ಹಾಯುವಷ್ಟು ದೂರ ಭೂಮಿ ಬಿದ್ದಿದೆ ಎನ್ನುತ್ತಾರೆ, ಹಾಗಿದ್ದರೂ ಬಾಡಿಗೆ ಏಕೆ ಅಷ್ಟೊಂದು?’ ಪ್ರಶ್ನೆ ಸಹಜವಾದದ್ದೇ. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಸಿಕ್ಕಿತೆಂದು ತಿಳಿಸುವ ತರುಣರು ಸಂಬಳವನ್ನು ರೂಪಾಯಿಗೆ ಪರಿವರ್ತಿಸಿ ಹೇಳುತ್ತಾರೆ. ಬಾಡಿಗೆಯನ್ನು ಪರಿವರ್ತಿಸಲು ಮರೆಯುತ್ತಾರೆ. ನಾನು ನೆಲೆಸಿರುವ ಸ್ಯಾನ್ ಮಟೆಯೊ ನಗರದಲ್ಲಿ ಒಂದು ಮಲಗುವ ಕೋಣೆಯ ಸಾಧಾರಣ ಫ್ಲ್ಯಾಟಿಗೆ ತಿಂಗಳಿಗೆ ಸುಮಾರು ಮೂರು ಸಾವಿರ ಡಾಲರ್, ಅಂದರೆ ಎರಡೂವರೆ ಲಕ್ಷ ರೂಪಾಯಿಗೂ ಮೇಲೆ. ಹದಿನೈದು ಲಕ್ಷ ಡಾಲರಿಗಿಂತ ಕಡಿಮೆ ಬೆಲೆಗೆ ಸ್ವತಂತ್ರ ಮನೆ ಸಿಗುವುದು ಅಪರೂಪ. ತಂತ್ರಜ್ಞಾನ ಕಂಪನಿಗಳು ಕೊಡುವ ಸಂಬಳವೇ ಇದಕ್ಕೆಲ್ಲ ಕಾರಣವೆಂದು ತಿಳಿದವರು ಬಹಳ. ಅದಕ್ಕಿಂತ ಹಳೆಯ ಕಾರಣವೊಂದು ನಮ್ಮ ನಗರಸಭೆಯ ಕಡತಗಳಲ್ಲಿದೆ. ಡೌನ್‌ಟೌನಿನ ಸುತ್ತ ಕಟ್ಟಡಗಳು ಎಷ್ಟು ಎತ್ತರಕ್ಕೆ ಏರಬಹುದು ಎಂಬ ನಿಯಮ ಹಾಗೂ ಆ ನಿಯಮವನ್ನು ಸಡಿಲಿಸಲು ಹೊರಟಾಗಲೆಲ್ಲ ಸುತ್ತಲಿನ ಬಡಾವಣೆಗಳಿಂದ ಏಳುವ ವಿರೋಧವೇ ಆ ಕಾರಣ.

ಸ್ಯಾನ್ ಮಟೆಯೊ ಇರುವುದು ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸ್ಯಾನ್ ಹೋಸೆ ನಗರಗಳ ನಡುವಿನ ಕಿರಿದಾದ ಭೂಪಟ್ಟಿಯಲ್ಲಿ. ಪೂರ್ವಕ್ಕೆ ಕೊಲ್ಲಿಯ ನೀರು. ಪಶ್ಚಿಮಕ್ಕೆ ಗುಡ್ಡಸಾಲು, ಅದರ ಮಗ್ಗುಲಲ್ಲಿ ಕ್ರಿಸ್ಟಲ್ ಸ್ಪ್ರಿಂಗ್ಸ್ ಜಲಾಶಯಗಳ ರಕ್ಷಿತ ಪ್ರದೇಶ. ಉತ್ತರ ದಕ್ಷಿಣಗಳಲ್ಲಿ ಬೇರೆ ಬೇರೆ ಊರುಗಳು ಒತ್ತಿಕೊಂಡು ನಿಂತಿವೆ. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 1,05,661. ನಕ್ಷೆಯಲ್ಲಿ ಅಮೆರಿಕ ಎಷ್ಟೇ ವಿಶಾಲವಾಗಿ ಕಂಡರೂ ಉದ್ಯೋಗಗಳು ಕಿಕ್ಕಿರಿದಿರುವ ಇಂತಹ ಊರುಗಳಿಗೆ ಅಡ್ಡಡ್ಡ ಹರಡಲು ಜಾಗವಿಲ್ಲ. ಬೆಳೆಯುವುದಾದರೆ ಮೇಲಕ್ಕೆ ಬೆಳೆಯಬೇಕು. ಹಾಗೆ ಬೆಳೆಯಲು ಡೌನ್‌ಟೌನಿಗಿಂತ ತಕ್ಕ ಸ್ಥಳ ಇನ್ನೊಂದಿಲ್ಲ. ಅಲ್ಲಿ ರೈಲು ನಿಲ್ದಾಣವಿದೆ; 2024ರ ಸೆಪ್ಟೆಂಬರಿನಿಂದ ಆ ಹಳಿಗಳ ಮೇಲೆ ವಿದ್ಯುತ್ ರೈಲುಗಳು ಓಡುತ್ತಿವೆ. ನಡೆದು ಹೋಗುವಷ್ಟು ದೂರದಲ್ಲಿ ನಗರದ ಮುಖ್ಯ ಗ್ರಂಥಾಲಯ, ಜಪಾನಿ ಉದ್ಯಾನವನ್ನು ಮಡಿಲಲ್ಲಿಟ್ಟುಕೊಂಡ ಸೆಂಟ್ರಲ್ ಪಾರ್ಕ್, ವಾಹನ ಸಂಚಾರವಿಲ್ಲದೆ ಜನರೇ ಓಡಾಡುವ ಬಿ ಬೀದಿಯ ಅಂಗಡಿ ಸಾಲು ಇವೆ. ಇಷ್ಟೆಲ್ಲ ಅನುಕೂಲಗಳಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಒಂದಂತಸ್ತಿನ, ಎರಡಂತಸ್ತಿನ ಮನೆಗಳ ಬೀದಿಗಳು ಆರಂಭವಾಗುತ್ತವೆ. ಅಂತಹದೊಂದು ಬೀದಿಯಲ್ಲೇ ನನ್ನ ಮನೆಯೂ ಇದೆ.

1991ರಲ್ಲಿ ಇಲ್ಲಿನ ಮತದಾರರು ‘ಮೆಷರ್ ಎಚ್’ ಎಂಬ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟರು. ಅದರಂತೆ ಕಟ್ಟಡಗಳ ಎತ್ತರಕ್ಕೆ ಬಹುತೇಕ 55 ಅಡಿಯ, ಅಂದರೆ ಸುಮಾರು ಐದು ಅಂತಸ್ತಿನ ಮಿತಿ ಬಿತ್ತು. ಎಕರೆಗೆ 50 ಮನೆಗಳೆಂಬ ಕಟ್ಟೂ ಬಿತ್ತು. 2004ರಲ್ಲಿ ‘ಮೆಷರ್ ಪಿ’ ಅದನ್ನು ಮುಂದುವರಿಸಿತು. ಈ ನಡುವೆ ಲೋಕವೇ ಬದಲಾಯಿತು. ಯೂಟ್ಯೂಬ್ ಎಂಬ ಪುಟ್ಟ ಕಂಪನಿ ತನ್ನ ಮೊದಲ ದಿನಗಳನ್ನು ಕಳೆದದ್ದು ಇದೇ ಸ್ಯಾನ್ ಮಟೆಯೊದ ಪಿಜ್ಜಾ ಅಂಗಡಿಯೊಂದರ ಮೇಲ್ಮಹಡಿಯಲ್ಲಿ. ಅಂತಹ ಎಷ್ಟೋ ಕಂಪನಿಗಳು ಈ ಸೀಮೆಗೆ ಲಕ್ಷಾಂತರ ಜನರನ್ನು ಕರೆತಂದವು; ಮನೆಗಳಿಗೆ ಹಾಕಿದ ಮಿತಿ ಮಾತ್ರ ಕದಲಲಿಲ್ಲ. 2020ರಲ್ಲಿ ‘ಮೆಷರ್ ವೈ’ ಆ ಮಿತಿಯನ್ನು ಇನ್ನೂ ಹತ್ತು ವರ್ಷ ಉಳಿಸಿತು. ಅಂದಿನ ಗೆಲುವಿನ ಅಂತರ ಕೇವಲ 43 ಮತ. ರಾಜ್ಯ ಸರ್ಕಾರವು 2023ರಿಂದ 2031ರೊಳಗೆ ಈ ನಗರ 7,015 ಹೊಸ ಮನೆಗಳಿಗೆ ಅವಕಾಶ ಕಲ್ಪಿಸಬೇಕೆಂದು ಗುರಿ ಕೊಟ್ಟ ಮೇಲೆ 2024ರ ನವೆಂಬರಿನಲ್ಲಿ ‘ಮೆಷರ್ ಟಿ’ ಮತಕ್ಕೆ ಬಂತು. ಡೌನ್‌ಟೌನ್, ರೈಲು ನಿಲ್ದಾಣಗಳು, ದೊಡ್ಡ ರಸ್ತೆಗಳು ಮುಂತಾದ ನಿಗದಿತ ಪ್ರದೇಶಗಳಲ್ಲಿ ಮಿತಿಯನ್ನು ಸಡಿಲಿಸಲು ಮತದಾರರು ಒಪ್ಪಿದರು. ಮೂವತ್ತಮೂರು ವರ್ಷಗಳ ನಂತರ ಬಾಗಿಲು ಕೊಂಚ ತೆರೆಯಿತು. ವಿರೋಧ ಮಾತ್ರ ನಿಂತಿಲ್ಲ; ಒಂದೊಂದು ಕಟ್ಟಡದ ಅರ್ಜಿ ಬಂದಾಗಲೂ ಅದು ಮತ್ತೆ ಎದ್ದು ನಿಲ್ಲುತ್ತದೆ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಇಲ್ಲಿ ಕಟ್ಟುವ ಮಾತು ಹಾಗಿರಲಿ, ಅನುಮತಿ ಕೇಳಿ ನೋಡಬೇಕು. ಡೌನ್‌ಟೌನಿನ ಉತ್ತರಕ್ಕೆ, ಎಲ್ ಕಮಿನೊ ರಿಯಲ್ ಹೆದ್ದಾರಿಯ ಬಳಿ, ನಾಲ್ಕಂತಸ್ತಿನಲ್ಲಿ ಬರೀ ಹತ್ತು ಮನೆಗಳ ಕಟ್ಟಡವೊಂದಕ್ಕೆ ಅರ್ಜಿ ಬಂದಿತ್ತು. ಆ ಜಾಗದ ವಲಯ ನಿಯಮಕ್ಕೆ ಅದು ಹೊಂದುತ್ತಿತ್ತು. ಪಕ್ಕದ ತಗ್ಗು ಮನೆಗಳಿಗೆ ಹೋಲಿಸಿದರೆ ಎತ್ತರ ಹೆಚ್ಚಾಯಿತು, ಮೇಲಿನ ಅಂತಸ್ತುಗಳನ್ನು ಹಿಂದಕ್ಕೆ ಸರಿಸಿಲ್ಲ ಎಂಬ ಕಾರಣಕ್ಕೆ ಯೋಜನಾ ಆಯೋಗ ಅದನ್ನು ತಿರಸ್ಕರಿಸಿತು. 2018ರ ಫೆಬ್ರುವರಿಯಲ್ಲಿ ನಗರಸಭೆಯೂ ಅದನ್ನೇ ಎತ್ತಿಹಿಡಿಯಿತು. ವಸತಿಯ ಪರ ಕೆಲಸ ಮಾಡುವ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. ಮೊದಲ ಹಂತದಲ್ಲಿ ನಗರಕ್ಕೆ ಗೆಲುವಾಯಿತು. 2021ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ, ನಗರವು ನೆಪವಾಗಿ ಹಿಡಿದ ಮಾರ್ಗಸೂಚಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಅರ್ಥ ಮಾಡಿಕೊಳ್ಳಬಹುದಾದಷ್ಟು ಅಸ್ಪಷ್ಟವೆಂದೂ ಅಂಥದ್ದನ್ನು ಮುಂದಿಟ್ಟು ವಸತಿ ಕಟ್ಟಡವನ್ನು ನಿರಾಕರಿಸಲಾಗದೆಂದೂ ಹೇಳಿತು. ಈ ತೀರ್ಪು ಇಡೀ ಕ್ಯಾಲಿಫೋರ್ನಿಯಾಕ್ಕೆ ಮಾದರಿಯಾಯಿತು, ನಿಜ. ಆದರೆ ಲೆಕ್ಕ ಹಾಕಿ ನೋಡಿ: ಹತ್ತು ಸಂಸಾರಗಳಿಗೆ ಸೂರಾಗಬೇಕಿದ್ದ ಒಂದು ಕಟ್ಟಡ, ಮೂರೂವರೆ ವರ್ಷಗಳ ವ್ಯಾಜ್ಯ, ಎರಡು ಕಡೆಯ ವಕೀಲರ ಖರ್ಚು. ಎಷ್ಟೋ ಬಿಲ್ಡರುಗಳು ಇದನ್ನು ನೋಡಿ ಅರ್ಜಿ ಹಾಕುವ ಗೋಜಿಗೇ ಹೋಗುವುದಿಲ್ಲ. ಕಟ್ಟದೇ ಉಳಿದ ಆ ಮನೆಗಳ ಲೆಕ್ಕ ಯಾವ ಕಡತದಲ್ಲೂ ಇರುವುದಿಲ್ಲ.

ವಿರೋಧಿಸುವವರು ಕೆಟ್ಟವರೆಂದು ಓದುಗರು ಭಾವಿಸಬಾರದು. ಅವರು ನನ್ನ ನೆರೆಹೊರೆಯವರು. ಮೆಷರ್ ಟಿ ವಿರುದ್ಧ ಪ್ರಚಾರಕ್ಕೆ ನಮ್ಮ ಮನೆಗೆ ಬಂದ ಹಿರಿಯರು ನಮ್ಮ ಬೀದಿಯಲ್ಲಿ ನಲವತ್ತು ವರ್ಷಗಳಿಂದ ಇದ್ದಾರೆ. ನಾವು ಊರಿಗೆ ಬಂದಾಗಲೆಲ್ಲ ನಮ್ಮ ಗಿಡಗಳಿಗೆ ನೀರು ಹಾಕುವವರೂ ಅವರೇ. ಅವರ ಮಾತುಗಳಲ್ಲಿ ನಾಲ್ಕೈದು ಭಯಗಳಿದ್ದವು. ಎತ್ತರದ ಕಟ್ಟಡದ ನೆರಳು ಅಂಗಳಕ್ಕೆ, ಚಾವಣಿಯ ಸೋಲಾರ್ ಫಲಕಕ್ಕೆ ಬೀಳುತ್ತದೆ, ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿರುವುದಿಲ್ಲ, ಶಾಲೆಗಳು ತುಂಬಿಹೋಗುತ್ತವೆ, ನೀರು ಸಾಲದು, ಲಾಭವೆಲ್ಲ ಬಿಲ್ಡರಿಗೆ, ಹೊಸ ಮನೆಗಳೆಲ್ಲ ಶ್ರೀಮಂತರಿಗೆ, ಕೊನೆಗೆ ನಾವು ಪ್ರೀತಿಸಿದ ಈ ಊರು ನಮ್ಮ ಕಣ್ಣೆದುರೇ ಗುರುತು ಸಿಗದಂತಾಗುತ್ತದೆ. ಇವುಗಳಲ್ಲಿ ಯಾವುದೂ ನಗುವ ಮಾತಲ್ಲ.

ಒಂದೊಂದನ್ನೂ ರೋಗಲಕ್ಷಣದಂತೆ ಬಿಡಿಸಿ ನೋಡುವುದು ನನ್ನ ವೃತ್ತಿಯ ಅಭ್ಯಾಸ. ನೆರಳಿನ ಮಾತು ನಿಜ. ಮನೆಗಳಿಗೆ ತಾಗಿದ ಕಡೆ ಮೇಲಿನ ಅಂತಸ್ತುಗಳನ್ನು ಎಷ್ಟು ಅಡಿ ಹಿಂದಕ್ಕೆ ಸರಿಸಬೇಕೆಂದು ಅಂಕಿಯಲ್ಲಿ ಬರೆದ ಸ್ಪಷ್ಟ ನಿಯಮವೇ ಅದಕ್ಕೆ ಪರಿಹಾರ. ಸಂಚಾರದ ದಟ್ಟಣೆಯ ಭಯ ತಲೆಕೆಳಗಾದದ್ದು. ಇಲ್ಲಿ ಕೆಲಸವಿದ್ದು ಇಲ್ಲಿ ಮನೆ ಸಿಗದವರೇ ದಿನವೂ ಸ್ಯಾನ್ ಮಟೆಯೊ–ಹೇವರ್ಡ್ ಸೇತುವೆಯ ಮೇಲೆ ಸಾಲುಗಟ್ಟಿ ನಿಲ್ಲುವವರು. ಅವರಿಗೆ ರೈಲು ನಿಲ್ದಾಣದ ಪಕ್ಕ ಮನೆ ಸಿಕ್ಕರೆ ಅಷ್ಟು ಕಾರುಗಳು ಕಡಿಮೆಯಾಗುತ್ತವೆ. ಮನೆಯ ಬೆಲೆಗೆ ಬೆದರಿ ತರುಣ ಕುಟುಂಬಗಳು ಊರು ಬಿಡುತ್ತಿರುವುದರಿಂದ ಈ ಭಾಗದ ಹಲವು ಶಾಲಾ ಜಿಲ್ಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ತುಂಬುವುದಕ್ಕಿಂತ ಖಾಲಿಯಾಗುವುದೇ ಅಲ್ಲಿನ ಚಿಂತೆ. ನೀರಿನ ಲೆಕ್ಕದಲ್ಲೂ ಹುಲ್ಲುಹಾಸಿನ ಒಂಟಿಮನೆಗಿಂತ ಫ್ಲ್ಯಾಟಿನ ಸಂಸಾರ ಬಳಸುವುದು ಕಡಿಮೆ. ಬಿಲ್ಡರಿಗೆ ಲಾಭವಾಗುತ್ತದೆ ಎಂಬುದಂತೂ ಸತ್ಯ. ಆದರೆ ನಾವು ಈಗ ವಾಸಿಸುತ್ತಿರುವ ಮನೆಗಳನ್ನೂ ಯಾರೋ ಲಾಭಕ್ಕಾಗಿಯೇ ಕಟ್ಟಿ ಮಾರಿದ್ದರು.

ಇನ್ನೊಂದು ಭಯವು ನಮ್ಮವರದ್ದೇ, ಅದನ್ನು ಪ್ರತ್ಯೇಕವಾಗಿ ಹೇಳಬೇಕು. ಕನ್ನಡ ಕೂಟದ ಗೆಳೆಯರ ನಡುವೆ ಈ ವಿಷಯ ಬಂದಾಗ ಒಬ್ಬರಲ್ಲ ಒಬ್ಬರು, ‘ಬೆಂಗಳೂರನ್ನು ನೋಡಿಯೂ ನಿಮಗೆ ಬುದ್ಧಿ ಬರಲಿಲ್ಲವೇ ಡಾಕ್ಟ್ರೇ?’ ಎನ್ನುತ್ತಾರೆ. ತಾವು ಬಿಟ್ಟುಬಂದ ಮಲ್ಲೇಶ್ವರ, ಜಯನಗರಗಳ ಹೆಂಚಿನ ಮನೆಗಳು, ಹಿತ್ತಲಿನ ತೆಂಗು, ಬೀದಿಬದಿಯ ಮರಗಳು ಹೋಗಿ ಗೋಡೆಗೆ ಗೋಡೆ ಅಂಟಿಕೊಂಡು ಎದ್ದ ಕಟ್ಟಡಗಳ ನೆನಪು ಅವರಲ್ಲಿ ಇನ್ನೂ ಹಸಿಯಾಗಿದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ವೈಟ್‌ಫೀಲ್ಡಿನಂತಹ ಕಡೆ ಅಪಾರ್ಟ್‌ಮೆಂಟಿನವರು ಟ್ಯಾಂಕರ್ ನೀರಿಗೆ ಕಾದದ್ದನ್ನು ಅವರು ಇಲ್ಲಿಂದಲೇ ಕಂಡಿದ್ದಾರೆ. ಆ ನೋವು ನನಗೂ ಇದೆ. ಆದರೆ ಅಲ್ಲಿ ಕೆಟ್ಟದ್ದು ಎತ್ತರದಿಂದಲ್ಲ ಎಂಬುದು ನನ್ನ ಅಭಿಪ್ರಾಯ. ಕಾವೇರಿಯ ಕೊಳವೆ ತಲುಪುವ ಮೊದಲೇ ಮನೆಗಳು ತಲುಪಿದವು. ಒಳಚರಂಡಿ ಇಲ್ಲದ ಕಡೆ ಬಡಾವಣೆ ಎದ್ದು ಕೊಳಚೆಯೆಲ್ಲ ಕೆರೆಗೆ ಹರಿಯಿತು. ನಕ್ಷೆಯಲ್ಲಿ ಒಂದು, ನೆಲದ ಮೇಲೆ ಇನ್ನೊಂದು ಕಟ್ಟಿದವರಿಗೆ ಅಂಕೆಯಿರಲಿಲ್ಲ. ಒಂದಂತಸ್ತಿನ ನಿವೇಶನಗಳಾಗಿಯೇ ಮೈಲುಗಟ್ಟಲೆ ಹರಡಿದ ಬಡಾವಣೆಗಳೂ ಅಲ್ಲಿ ಅಷ್ಟೇ ಬವಣೆಪಟ್ಟವು. ಇಲ್ಲಿ ನೀರು, ಒಳಚರಂಡಿ, ಅಗ್ನಿಸುರಕ್ಷೆಗಳ ತಪಾಸಣೆ ಮುಗಿಯದೆ, ಶುಲ್ಕ ಕಟ್ಟದೆ ಅಡಿಪಾಯ ತೋಡುವಂತಿಲ್ಲ. ಬೆಂಗಳೂರಿನಿಂದ ಕಲಿಯಬೇಕಾದ ಪಾಠವೇನಿದ್ದರೂ ಸೌಕರ್ಯ ಮೊದಲು, ಕಟ್ಟಡ ಆಮೇಲೆ ಎಂಬುದು. ರೈಲು ನಿಲ್ದಾಣದ ಪಕ್ಕ ಆ ಸೌಕರ್ಯ ಆಗಲೇ ಇದೆ.

ನಾನು ವೈದ್ಯ, ನಗರ ಯೋಜನೆ ನನ್ನ ಶಾಸ್ತ್ರವಲ್ಲ. ಆದರೂ ಈ ವಿಷಯದಲ್ಲಿ ಬಾಯಿ ಬಿಡಲು ಕಾರಣ ನಾನು ದಿನವೂ ಕಾಣುವ ಸಂಗತಿಗಳು. ಬೆಳಗಿನ ಏಳು ಗಂಟೆಗೆ ರೋಗಿಗಳ ರಕ್ತ ತೆಗೆಯಬೇಕಾದ ತಂತ್ರಜ್ಞೆ ಟ್ರೇಸಿ ಎಂಬ ದೂರದ ಊರಿನಿಂದ ನಾಲ್ಕು ಗಂಟೆಗೇ ಹೊರಡುತ್ತಾಳೆ. ರಾತ್ರಿಪಾಳಿ ಮುಗಿಸಿದ ನರ್ಸ್ ನಿದ್ದೆಗಣ್ಣಿನಲ್ಲಿ ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಹೋಗುತ್ತಾಳೆ. ಆಸ್ಪತ್ರೆಯಿಂದ ಬಿಡುಗಡೆಯಾದ ವೃದ್ಧರನ್ನು ಮನೆಯಲ್ಲಿ ನೋಡಿಕೊಳ್ಳಲು ಸಹಾಯಕರನ್ನು ಹುಡುಕಿದರೆ, ಆ ಕೆಲಸದ ಕೂಲಿಗೆ ಈ ಊರಿನ ಸುತ್ತಮುತ್ತ ಬಾಡಿಗೆ ಕಟ್ಟಬಲ್ಲವರು ಯಾರೂ ಉಳಿದಿಲ್ಲ. ‘ನಮ್ಮ ಬೀದಿಯ ಪಕ್ಕ ಆರಂತಸ್ತು ಬೇಡ’ ಎಂದು ಸಹಿ ಹಾಕಿದವರೇ ಮುಂದೊಂದು ದಿನ, ‘ಅಮ್ಮನಿಗೆ ಸ್ನಾನ ಮಾಡಿಸಲು ಯಾರೂ ಸಿಗುತ್ತಿಲ್ಲ, ಏನು ಮಾಡಲಿ?’ ಎಂದು ನನ್ನೆದುರು ಕೂರುತ್ತಾರೆ. ಈ ಎರಡು ಮಾತುಗಳ ನಡುವಿನ ಸಂಬಂಧ ಅವರಿಗೆ ಹೊಳೆಯುವುದು ಕಷ್ಟ. ಎರಡನ್ನೂ ಕೇಳಿಸಿಕೊಳ್ಳುವ ವೈದ್ಯನಿಗೆ ಹೊಳೆಯದಿರುವುದು ಇನ್ನೂ ಕಷ್ಟ.

ವಿರೋಧಿಸುವವರಲ್ಲಿ ಹೆಚ್ಚಿನವರಿಗೆ ಅರವತ್ತು, ಎಪ್ಪತ್ತು ದಾಟಿದೆ. ಅವರ ಮಲಗುವ ಕೋಣೆ ಮಹಡಿಯ ಮೇಲೆ, ಅಡುಗೆಮನೆ ಕೆಳಗೆ. ಮಂಡಿ ಸವೆದು, ದೃಷ್ಟಿ ಮಂದವಾಗಿ, ಕಾರು ಓಡಿಸುವುದು ಅಪಾಯವೆಂದು ನಾನೇ ಹೇಳಬೇಕಾದ ದಿನ ಬರುತ್ತದೆ. ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ವೃದ್ಧರು ಮತ್ತೆ ಮೊದಲಿನಂತೆ ನಡೆದಾಡುವುದು ಎಷ್ಟು ಕಷ್ಟವೆಂದು ಬಲ್ಲ ನಾನು, ಲಿಫ್ಟ್ ಇರುವ, ಒಂದೇ ಮಟ್ಟದ ಫ್ಲ್ಯಾಟಿಗೆ ಹೋಗಿ ಎಂದು ಸಲಹೆ ಕೊಡುತ್ತೇನೆ. ಅವರು ಕೇಳುವುದು ಒಂದೇ ಮಾತು: ‘ಇದೇ ಊರಿನಲ್ಲಿ, ನನ್ನ ಗೆಳೆಯರ ಹತ್ತಿರ, ಅಂಥದ್ದು ಎಲ್ಲಿದೆ?’ ಲಿಫ್ಟ್ ಹಾಕುವುದು ಬಿಲ್ಡರಿಗೆ ಗಿಟ್ಟಬೇಕಾದರೆ ಹಲವು ಅಂತಸ್ತು, ಹಲವು ಮನೆ ಬೇಕು. ತಗ್ಗು ಮನೆಗಳ ಊರನ್ನು ಕಾಪಾಡಿಕೊಂಡವರು ತಮ್ಮದೇ ವೃದ್ಧಾಪ್ಯಕ್ಕೆ ಅದೇ ಊರಿನಲ್ಲಿ ಜಾಗವಿಲ್ಲದಂತೆ ಮಾಡಿಕೊಂಡಿದ್ದಾರೆ.

ಇದೇ ಮಾತು ಊರಿನಿಂದ ಆರು ತಿಂಗಳ ಮಟ್ಟಿಗೆ ಬರುವ ನಮ್ಮ ಅಪ್ಪ ಅಮ್ಮಂದಿರಿಗೂ ಅನ್ವಯಿಸುತ್ತದೆ. ಇದನ್ನು ಓದುತ್ತಿರುವ ಅನೇಕ ಹಿರಿಯರಿಗೆ ಆ ಅನುಭವವಿದೆ. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಗುಡ್ಡದ ಮೇಲಿನ ದೊಡ್ಡ ಮನೆಯಲ್ಲಿ ಸಂಜೆಯ ತನಕ ಕಿಟಕಿಯ ಆಚೆ ನೋಡುತ್ತ ಕೂರುವುದು. ಕಾರಿಲ್ಲದೆ ಒಂದು ಕೊತ್ತಂಬರಿ ಕಟ್ಟು ತರುವಂತಿಲ್ಲ, ಮಾತನಾಡಿಸಲು ಒಂದು ನರಪಿಳ್ಳೆಯಿಲ್ಲ. ನಾನು ಬೆಳೆದದ್ದು ಮೈಸೂರಿನ ವಠಾರವೊಂದರಲ್ಲಿ. ಏಳು ಸಂಸಾರ, ಒಂದು ಬಾವಿ. ಜಗಳಕ್ಕೂ ಜನವಿದ್ದರು, ಜ್ವರಕ್ಕೂ ಜನವಿದ್ದರು. ಅಂತಹ ವಠಾರವನ್ನು ಇಲ್ಲಿನ ಒಂಟಿಮನೆ ಬಡಾವಣೆಯಲ್ಲಿ ಕಟ್ಟುವುದಕ್ಕೆ ದಶಕಗಳ ಕಾಲ ಕಾನೂನೇ ಬಿಡಲಿಲ್ಲ. ಡೌನ್‌ಟೌನ್ ಬಳಿಯ ಫ್ಲ್ಯಾಟಿನಲ್ಲಿರುವ ನನ್ನ ಸಹೋದ್ಯೋಗಿಯ ತಂದೆ ಬೆಳಿಗ್ಗೆ ಪಾರ್ಕಿನಲ್ಲಿ ನಡೆದು, ಗ್ರಂಥಾಲಯದಲ್ಲಿ ಪತ್ರಿಕೆ ತಿರುವಿ, ಬೇಸರವಾದರೆ ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೊ ನೋಡಿ ಬರುತ್ತಾರೆ. ಮೂರು ತಿಂಗಳಿಗೇ ಹೊರಟುಬಿಡುತ್ತೇನೆ ಎಂದವರು ಆರು ತಿಂಗಳೂ ಉಳಿದರು.

ಈ ನಿಯಮಗಳ ಚರಿತ್ರೆಯನ್ನೂ ವಲಸೆ ಬಂದವರು ತಿಳಿದಿರಬೇಕು. ಒಂದು ನಿವೇಶನಕ್ಕೆ ಒಂದೇ ಕುಟುಂಬದ ಮನೆ ಎಂಬ ವಲಯವನ್ನು ಮೊದಮೊದಲು ತಂದ ಊರುಗಳಲ್ಲಿ ಕೊಲ್ಲಿಯಾಚೆಯ ಬರ್ಕ್ಲಿಯೂ ಒಂದು, ಅದು 1916ರಲ್ಲಿ. ಹತ್ತು ವರ್ಷಗಳ ನಂತರ, 1926ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಇಂತಹ ವಲಯಗಳನ್ನು ಎತ್ತಿಹಿಡಿಯುವಾಗ, ಒಂಟಿಮನೆಗಳ ನಡುವಿನ ಅಪಾರ್ಟ್‌ಮೆಂಟನ್ನು ಪರಾವಲಂಬಿ ಜೀವಿಗೆ ಹೋಲಿಸಿತು. ಅದೇ ಕಾಲದಲ್ಲಿ ಎಷ್ಟೋ ಬಡಾವಣೆಗಳ ಕ್ರಯಪತ್ರಗಳಲ್ಲಿ ಬಿಳಿಯರಲ್ಲದವರಿಗೆ ಮನೆ ಮಾರಬಾರದೆಂಬ ಷರತ್ತುಗಳಿದ್ದವು; ನ್ಯಾಯಾಲಯಗಳು ಅವನ್ನು ಜಾರಿಗೊಳಿಸಬಾರದೆಂಬ ತೀರ್ಪು ಬಂದದ್ದು 1948ರಲ್ಲಿ. ಭಾರತೀಯರು ಇಲ್ಲಿನ ಪೌರತ್ವಕ್ಕೆ ಅರ್ಹರಲ್ಲವೆಂದು 1923ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಪೌರತ್ವಕ್ಕೆ ಅರ್ಹರಲ್ಲದವರು ಕೃಷಿಭೂಮಿ ಹೊಂದುವಂತಿಲ್ಲ ಎಂದು ಕ್ಯಾಲಿಫೋರ್ನಿಯಾದ 1913ರ ಕಾಯಿದೆ ಅದಕ್ಕೂ ಮೊದಲೇ ವಿಧಿಸಿತ್ತು. 1920ರಲ್ಲಿ ಪಂಜಾಬಿನಿಂದ ಬಂದ ದಲೀಪ್ ಸಿಂಗ್ ಸೌಂದ್ ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರೂ ಪೌರರಾಗಲು 1949ರ ತನಕ ಕಾಯಬೇಕಾಯಿತು. ಏಳು ವರ್ಷಗಳ ನಂತರ ಅವರೇ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದರು. ಇಂದು ಎತ್ತರದ ಮಿತಿಯನ್ನು ಬೆಂಬಲಿಸುವವರಿಗೆಲ್ಲ ವರ್ಣದ್ವೇಷವಿದೆ ಎಂದು ನಾನು ಹೇಳಲಾರೆ. ಹಾಗೆ ಹೇಳುವುದು ಅನ್ಯಾಯ. ಆದರೆ ‘ಊರಿನ ಸ್ವರೂಪ ಕಾಪಾಡಬೇಕು’ ಎಂಬ ಮಾತಿನಿಂದ ಹಿಂದೊಮ್ಮೆ ಹೊರಗುಳಿದವರು ನಮ್ಮಂಥವರೇ. ಅದೇ ಮಾತನ್ನು ನಾವು ಉಚ್ಚರಿಸುವಾಗ ನಾಲಿಗೆ ಸ್ವಲ್ಪ ತಡವರಿಸಬೇಕು.

ಸ್ವಾರ್ಥದ ಮಾತನ್ನೂ ಮುಚ್ಚಿಡದೆ ಹೇಳೋಣ. 1978ರಲ್ಲಿ ಮತದಾರರು ಒಪ್ಪಿದ ‘ಪ್ರಪೊಸಿಷನ್ 13’ ಎಂಬ ತಿದ್ದುಪಡಿಯ ಪ್ರಕಾರ ಆಸ್ತಿತೆರಿಗೆಯ ಮೂಲ ದರ ಮನೆ ಕೊಂಡ ಬೆಲೆಯ ಶೇ 1ರಷ್ಟು. ತೆರಿಗೆಗಾಗಿ ಪರಿಗಣಿಸುವ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹೀಗಾಗಿ ನಲವತ್ತು ವರ್ಷ ಹಿಂದೆ ಮನೆ ಕೊಂಡವರ ತೆರಿಗೆ, ಪಕ್ಕದಲ್ಲಿ ಅಂಥದ್ದೇ ಮನೆಯನ್ನು ಕಳೆದ ವರ್ಷ ಕೊಂಡ ಎಳೆಯ ದಂಪತಿಯ ತೆರಿಗೆಯ ಒಂದು ಸಣ್ಣ ಪಾಲು ಮಾತ್ರ. ಮನೆಯ ಬೆಲೆ ಏರಿದಷ್ಟೂ ಹಳಬರಿಗೆ ಸಂಪತ್ತು, ಹೊರೆಯಿಲ್ಲ. ಮನೆಗಳ ಅಭಾವದಿಂದ ನೋಯುವವರು ಬೇರೆ, ಲಾಭ ಪಡೆಯುವವರು ಬೇರೆ. ನಿಯಮಕ್ಕೆ ಮತ ಹಾಕುವವರು ಲಾಭ ಪಡೆಯುವವರು. ಇಪ್ಪತ್ತು ವರ್ಷಗಳಿಂದ ಸ್ವಂತ ಮನೆಯಲ್ಲಿರುವ ನಾನೂ ಆ ಲಾಭದ ಪಾಲುದಾರ. ಎತ್ತರದ ಮಿತಿ ಸಡಿಲಾದರೆ ನನ್ನ ಮನೆಯ ಬೆಲೆ ಈಗಿನ ವೇಗದಲ್ಲಿ ಏರದಿರಬಹುದು. ಏರದಿರಲಿ. ನಾನು ಮಲಗುವ ಮನೆ ಅದು, ಷೇರು ಪತ್ರವಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಈ ತೀರ್ಮಾನಗಳಾಗುವ ರೀತಿ. ಸಭೆ ಸಂಜೆ ಆರಂಭವಾಗಿ ಕೆಲವೊಮ್ಮೆ ನಡುರಾತ್ರಿಯನ್ನು ಮುಟ್ಟುತ್ತದೆ. ಅಲ್ಲಿ ಮಾತಿಗೆ ನಿಲ್ಲುವವರು ಊರಿನಲ್ಲಿ ಈಗಾಗಲೇ ಮನೆಯಿದ್ದು ಬಿಡುವೂ ಇರುವವರು. ಟ್ರೇಸಿಯ ತಂತ್ರಜ್ಞೆ ಆ ಹೊತ್ತಿಗೆ ನಿದ್ದೆಯಲ್ಲಿರುತ್ತಾಳೆ. ರಾತ್ರಿಪಾಳಿಯ ನರ್ಸ್ ವಾರ್ಡಿನಲ್ಲಿರುತ್ತಾಳೆ. ಆರು ವರ್ಷಗಳ ನಂತರ ಆ ಕಟ್ಟಡದ ನಾಲ್ಕನೆಯ ಅಂತಸ್ತಿನಲ್ಲಿ ಸಂಸಾರ ಹೂಡಬೇಕಾದ ಹುಡುಗ ಇನ್ನೂ ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿರುತ್ತಾನೆ. ಇನ್ನೂ ಬಾರದವರಿಗೆ ಆ ಸಭೆಯಲ್ಲಿ ಕುರ್ಚಿಯಿಲ್ಲ. ಒಂದು ಕಾಲಕ್ಕೆ ಎರಡು ಸೂಟ್‌ಕೇಸ್ ಹಿಡಿದು ಬಂದಿಳಿದು, ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ನಾಲ್ವರು ಹಂಚಿಕೊಂಡು ರೆಸಿಡೆನ್ಸಿ ಮುಗಿಸಿದ ನನ್ನಂಥವರು ಆ ಕುರ್ಚಿಯಲ್ಲಿ ಅವರ ಪರವಾಗಿ ಕೂರದಿದ್ದರೆ ಇನ್ಯಾರು ಕೂರಬೇಕು? ಅಂದು ನಮಗೆ ಸೂರು ಕೊಟ್ಟದ್ದೂ ಯಾರೋ ಅನುಮತಿ ಕೊಟ್ಟ ಅಪಾರ್ಟ್‌ಮೆಂಟೇ. ಹತ್ತಿದ ಏಣಿಯನ್ನು ಒದೆಯುವ ಕೆಲಸ ನಮ್ಮಿಂದ ಆಗಬಾರದು.

ಎತ್ತರಕ್ಕೆ ಅನುಮತಿ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬ ಭ್ರಮೆ ನನಗಿಲ್ಲ. ಹಳೆಯ, ಅಗ್ಗದ ಅಪಾರ್ಟ್‌ಮೆಂಟನ್ನು ಕೆಡವಿ ಹೊಸದನ್ನು ಕಟ್ಟಿದಾಗ ಅಲ್ಲಿನ ಬಡ ಬಾಡಿಗೆದಾರರು ಬೀದಿಗೆ ಬೀಳುವ ಅಪಾಯ ನಿಜವಾದದ್ದು. ಕೆಡವಿದ ಅಂತಹ ಮನೆಗಳ ಬದಲಿಗೆ ಅಷ್ಟೇ ಮನೆಗಳನ್ನು ಕಟ್ಟಿಕೊಡಬೇಕೆಂದು ರಾಜ್ಯದ 2019ರ ಕಾನೂನು ಹೇಳುತ್ತದೆ. ಅದನ್ನು ಬಿಗಿಯಾಗಿ ಜಾರಿಗೊಳಿಸಬೇಕು. ಮಾರುಕಟ್ಟೆ ಎಂದಿಗೂ ಮುಟ್ಟದ ಕೆಳವರಮಾನದವರಿಗೆ ಸರ್ಕಾರದ ಹಣವೂ ಬೇಕು. ಅದಕ್ಕೂ ಎತ್ತರವೇ ಕೈ ಹಿಡಿಯುತ್ತದೆ ಎಂಬುದಕ್ಕೆ ನಮ್ಮ ಡೌನ್‌ಟೌನಿನ ‘ಕಿಕು ಕ್ರಾಸಿಂಗ್’ ಸಾಕ್ಷಿ. ನಗರದ ಒಡೆತನದ ಪಾರ್ಕಿಂಗ್ ಜಾಗದಲ್ಲಿ, ರಾಜ್ಯ ಕಾನೂನಿನ ರಿಯಾಯಿತಿ ಬಳಸಿ, ಏಳು ಅಂತಸ್ತು ಏರಿದ ಆ ಕಟ್ಟಡದಲ್ಲಿ ಕೈಗೆಟಕುವ ಬಾಡಿಗೆಯ 225 ಮನೆಗಳಿವೆ. 2024ರಲ್ಲಿ ಜನ ಅಲ್ಲಿಗೆ ಬಂದು ನೆಲೆಸಿದರು. ಕಾರುಗಳು ನಿಲ್ಲುತ್ತಿದ್ದ ನೆಲದಲ್ಲಿ ಈಗ ಮಕ್ಕಳು ಸೈಕಲ್ ಕಲಿಯುತ್ತಾರೆ. ಊರಿನ ಸ್ವರೂಪ ಕೆಟ್ಟಿತೆಂದು ನನಗಂತೂ ಅನ್ನಿಸಿಲ್ಲ.

ಗಾಳಿ ಈಗ ದಿಕ್ಕು ಬದಲಿಸುತ್ತಿದೆ. 2025ರ ಅಕ್ಟೋಬರಿನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಅಂಕಿತ ಹಾಕಿದ ‘ಎಸ್‌ಬಿ 79’ ಕಾನೂನು ದೊಡ್ಡ ರೈಲು ನಿಲ್ದಾಣಗಳಿಗೆ ತೀರ ಹತ್ತಿರದಲ್ಲಿ ಒಂಬತ್ತು ಅಂತಸ್ತಿನವರೆಗೂ ಮನೆ ಕಟ್ಟಲು ದಾರಿ ಮಾಡಿದೆ. ಹೇರಳವಾಗಿ ಕಟ್ಟಿದ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ 2023ರಿಂದೀಚೆಗೆ ಬಾಡಿಗೆ ಇಳಿದಿದೆ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ವಲಯ ನಿಯಮ ಸಡಿಲಿಸಿದ ಮೇಲೆ ಅಲ್ಲಿ ಮನೆ ನಿರ್ಮಾಣ ಗಣನೀಯವಾಗಿ ಹೆಚ್ಚಿತು. ಸಾಕಷ್ಟು ಮನೆ ಕಟ್ಟಿದರೆ ಬಾಡಿಗೆಯ ಜ್ವರ ಇಳಿಯುತ್ತದೆ. ಔಷಧಿಯ ಗುಣ ಕಾಣಲು ಒಂದೆರಡು ದಶಕ ಹಿಡಿಯಬಹುದು, ಅಷ್ಟೇ. ನಮ್ಮ ನಗರಸಭೆಯ ಮುಂದೆ ಇನ್ನೂ ಎಷ್ಟೋ ಅರ್ಜಿಗಳು ಬರಲಿವೆ, ಪ್ರತಿಯೊಂದಕ್ಕೂ ಎದುರುಮಾತುಗಳಿರುತ್ತವೆ.

ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ತರುಣರಿಗೆ ಎರಡು ಮಾತು. ಕೆಲಸದ ಪತ್ರ ಬಂದಾಗ ಸಂಬಳದ ಜೊತೆಗೆ ಆ ಊರಿನ ಬಾಡಿಗೆಯನ್ನೂ, ಕಚೇರಿಯಿಂದ ರೈಲು ನಿಲ್ದಾಣದ ದೂರವನ್ನೂ ವಿಚಾರಿಸಿ. ಎರಡು ಊರುಗಳಲ್ಲಿ ಆಯ್ಕೆಯಿದ್ದರೆ, ಸಂಬಳ ಕೊಂಚ ಕಡಿಮೆಯಾದರೂ ಮನೆ ಕಟ್ಟಲು ಬಿಡುವ ಊರನ್ನು ಆರಿಸಿಕೊಳ್ಳಿ. ಎರಡನೆಯದಾಗಿ, ಎಚ್-1ಬಿ ವೀಸಾದಲ್ಲಿರುವವರಿಗೆ ಮತದಾನದ ಹಕ್ಕಿಲ್ಲದಿದ್ದರೂ ನಗರಸಭೆಯಲ್ಲಿ ಮಾತನಾಡುವ ಹಕ್ಕು ಉಂಟು. 1953ರ ಬ್ರೌನ್ ಕಾಯಿದೆಯಂತೆ ಕ್ಯಾಲಿಫೋರ್ನಿಯಾದ ಯಾವುದೇ ನಗರಸಭೆಯ ಸಾರ್ವಜನಿಕ ಸಭೆಯಲ್ಲಿ ಯಾರು ಬೇಕಾದರೂ ತಮ್ಮ ಮಾತು ಹೇಳಬಹುದು, ಪೌರತ್ವ ಕೇಳುವವರಿಲ್ಲ. ಎರಡು ಮೂರು ನಿಮಿಷದ ಸಮಯ ಸಿಗುತ್ತದೆ. ಬಾಡಿಗೆ ಕಟ್ಟುವವರ ಕಷ್ಟ ಹೇಳಲು ಅದು ಸಾಕು.

ಆಗಲೇ ಪೌರರಾಗಿರುವ ನಮ್ಮವರಿಗೆ 2020ರ ಆ ಅಂತರವನ್ನು ಮತ್ತೆ ನೆನಪಿಸುತ್ತೇನೆ: 43 ಮತ. ಯುಗಾದಿಯ ಊಟಕ್ಕೆ ಹೋಳಿಗೆಯ ಸಾಲಿನಲ್ಲಿ ನಿಲ್ಲುವ ನಮ್ಮ ಸಂಖ್ಯೆ ಅದಕ್ಕಿಂತ ಎಷ್ಟೋ ಹೆಚ್ಚು. ಈ ಎತ್ತರದ ವಿಷಯ ಮತ್ತೆ ನಗರಸಭೆಗೆ ಬಂದಾಗ ಹೋಗಿ ಕೂರೋಣ. ವಿರೋಧಿಸುವ ನೆರೆಯವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ನೆರಳಿಗೆ, ನೀರಿಗೆ, ಬಡ ಬಾಡಿಗೆದಾರರ ರಕ್ಷಣೆಗೆ ಸ್ಪಷ್ಟ ನಿಯಮ ಬೇಕೆಂದು ಅವರೊಂದಿಗೇ ಒತ್ತಾಯಿಸೋಣ. ಅಷ್ಟಾದ ಮೇಲೆ, ಕಟ್ಟಡಕ್ಕೆ ಅನುಮತಿ ಕೊಡಿ ಎಂದು ಎದ್ದು ನಿಂತು ಹೇಳೋಣ.